ಮೈ ಮುರಿದು ದುಡಿಯುವವರಿಗೆ ಬಿಪಿ ಬರಲ್ಲ ಅಂತ ಯಾರು ಹೇಳಿದ್ದು? ಹಮಾಲರು, ಟೈಲರ್‌ಗಳು, ಶಿಫ್ಟ್‌ನವರು, ಗುಳೆ ಹೋಗುವವರು ಮಾತಾಡಿ

ಯಾರ್ಡ್ ಗುಮಾಸ್ತ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ನಮ್ಮ ದೊಡ್ಡಪ್ಪ ಇದೇ ಯಾರ್ಡ್‌ನಲ್ಲಿ ಹಮಾಲಿ ಮಾಡುತ್ತಾರೆ. ವಯಸ್ಸು ಐವತ್ತು ದಾಟಿದೆ. ಈಗಲೂ 75 ಕೆ.ಜಿ. ಭತ್ತದ ಚೀಲ ಬೆನ್ನಿಗೆ ಹಾಕಿಕೊಂಡು, ಹಲಗೆ ಹತ್ತಿ ಲಾರಿ ತುಂಬುತ್ತಾರೆ. ಕಣ್ಣಿಗೆ ಪೊರೆ ಬಂದಿದೆ ಅಂತ ಆಪರೇಷನ್‌ಗೆ ಕರೆದುಕೊಂಡು ಹೋದೆವು. ಅಲ್ಲಿ ಬಿಪಿ ನೋಡಿದರೆ 184/112. ಇದು ಇಳಿಯುವ ತನಕ ಆಪರೇಷನ್ ಬೇಡ ಅಂತ ಗುಳಿಗೆ ಬರೆದುಕೊಟ್ಟು ಕಳಿಸಿದರು.

ದೊಡ್ಡಪ್ಪ ದಾರಿಯುದ್ದಕ್ಕೂ ಒಂದೇ ಮಾತು. "ಅದು ಕುಂತು ಉಣ್ಣೋರ ರೋಗ. ಬೆವರು ಸುರಿಸೋನಿಗೆ ಹೆಂಗ ಬರ್ತದ?" ಗುಳಿಗೆ ಪಟ್ಟಿ ಅಂಗಿ ಜೇಬಿಗೆ ಹೋಯಿತು, ಅಲ್ಲೇ ಉಳಿಯಿತು.

ಇದು ಅವರೊಬ್ಬರ ಮಾತಲ್ಲ. ಯಾರ್ಡ್‌ನಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ. ಮೇಲ್ನೋಟಕ್ಕೆ ನಿಜ ಅಂತಲೂ ಅನ್ನಿಸುತ್ತೆ. ಸಾಹುಕಾರರ ಗಲ್ಲಾಪೆಟ್ಟಿಗೆ ತೆಗೆದರೆ ಚಿಲ್ಲರೆ ಪಕ್ಕದಲ್ಲಿ ಬಿಪಿ ಗುಳಿಗೆ ಇರುತ್ತೆ. ಹಮಾಲರಲ್ಲಿ ನನಗೆ ಬಿಪಿ ಇದೆ ಅನ್ನುವವರು ಸಿಗುವುದೇ ಇಲ್ಲ. ಆದರೆ ಸಾಹುಕಾರರು ಆಗಾಗ ಚೆಕ್ ಮಾಡಿಸುತ್ತಾರೆ. ಹಮಾಲರು ಎಂದೂ ಮಾಡಿಸಿಲ್ಲ. ಹಾಗಾದರೆ ನಮಗೆ ಕಾಣುತ್ತಿರುವುದು ರೋಗ ಯಾರಿಗಿದೆ ಅಂತಲೋ, ಪಟ್ಟಿ ಯಾರ ತೋಳಿಗೆ ಕಟ್ಟಿದ್ದಾರೆ ಅಂತಲೋ? ನಮ್ಮ ಓಣಿಯಲ್ಲಿ ಲಕ್ವ ಹೊಡೆದು ಮಲಗಿದ ಹಮಾಲರಿದ್ದಾರೆ. ಅವರಿಗೆ ಬಿಪಿ ಇತ್ತು ಅಂತ ಮನೆಯವರಿಗೆ ಗೊತ್ತಾಗಿದ್ದೇ ಲಕ್ವ ಹೊಡೆದ ಮೇಲೆ.

ಕೆಲಸಕ್ಕೂ ಬಿಪಿಗೂ ಇರುವ ಸಂಬಂಧ ಏನು ಅಂತ ತಿಳಿದವರು ಹೇಳಿ. ನಿಮ್ಮ ನಿಮ್ಮ ಕೆಲಸದ ಕಡೆ ಹೇಗಿದೆ ಅಂತಲೂ ಬರೆಯಿರಿ.

ಉಪಕೇಂದ್ರದ ಸಿಸ್ಟರ್, ಕುಷ್ಟಗಿ ತಾಲ್ಲೂಕು

ತಮ್ಮಾ, ಮೊದಲು ದೊಡ್ಡಪ್ಪನವರ ಗುಳಿಗೆ ಶುರುವಾಗಲಿ. ಮಿಕ್ಕಿದ್ದು ಆಮೇಲೆ. 184/112 ಅನ್ನುವುದು ನಾಳೆ ನೋಡೋಣ ಅಂತ ಬಿಡುವ ನಂಬರ್ ಅಲ್ಲ. ಎದೆನೋವು, ಉಸಿರು ಕಟ್ಟುವುದು, ಕೈಕಾಲು ಒಂದು ಕಡೆ ಜೋಮು ಹಿಡಿಯುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ 108ಕ್ಕೆ ಫೋನ್ ಮಾಡಿ.

ನೀವು ಹೇಳಿದ್ದು ನನ್ನ ರಿಜಿಸ್ಟರ್‌ನಲ್ಲೂ ಕಾಣುತ್ತೆ. 30 ವರ್ಷ ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮ. ಆಶಾ ಅಕ್ಕಂದಿರು ಮನೆಮನೆಗೆ ಹೋಗಿ ಕರೆಯುತ್ತಾರೆ. ಬರುವವರು ಯಾರು? ಮನೆಯಲ್ಲಿರುವ ಹೆಣ್ಣುಮಕ್ಕಳು, ವಯಸ್ಸಾದವರು. ನಲವತ್ತರ ಆಸುಪಾಸಿನ ಗಂಡಸರ ಕಾಲಂ ಖಾಲಿ. ಅವರಿಗೆ ಬೇಡ ಅಂತಲ್ಲ. ನಮ್ಮ ಬಾಗಿಲು ತೆಗೆದಿರುವ ಹೊತ್ತೇ ಅವರ ಕೂಲಿಯ ಹೊತ್ತು. ಬಿಪಿ ನೋಡಿಸಲು ಬಂದರೆ ಅರ್ಧ ದಿನದ ಪಗಾರ ಹೋಯಿತು. ತಲೆನೋವಿಲ್ಲ, ಜ್ವರ ಇಲ್ಲ, ಸುಮ್ನೆ ಯಾಕೆ ಪಗಾರ ಬಿಡಬೇಕು ಅಂತ ಅವರ ಲೆಕ್ಕ.

ಬಿಪಿಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರಲ್ಲ. ತಲೆ ತಿರುಗಿದರೆ ಮಾತ್ರ ಬಿಪಿ ಅಂತ ತುಂಬಾ ಜನ ತಿಳಿದಿದ್ದಾರೆ. 140/90ರ ಮೇಲೆ ಬೇರೆ ಬೇರೆ ದಿನ ನೋಡಿದಾಗಲೂ ಬರುತ್ತಿದ್ದರೆ ಅದು ಬಿಪಿ. ನೋಡದೆ ಗೊತ್ತಾಗಲ್ಲ. ಇಡೀ ಜಗತ್ತಿನಲ್ಲೇ ಬಿಪಿ ಇರುವ ವಯಸ್ಕರಲ್ಲಿ 46%ರಷ್ಟು ಜನಕ್ಕೆ ತಮಗೆ ಅದು ಇದೆ ಅಂತ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತ್ತು.

ಮೂರು ಶಿಫ್ಟ್, ಕೊಪ್ಪಳ–ಬಳ್ಳಾರಿ

ಸಿಸ್ಟರ್, ನಮ್ಮ ಕಡೆ ಕಥೆ ಬೇರೆ. ನಮಗೆ ಚೆಕ್ ಮಾಡುತ್ತಾರೆ. ಅದೇ ತೊಂದರೆ.

ನಾನು ಒಂದು ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಗೇಟ್ ಪಾಸ್ ಹೊಸದು ಮಾಡಿಸುವಾಗ ಮೆಡಿಕಲ್ ಆಗಬೇಕು. ಎತ್ತರದ ಕೆಲಸಕ್ಕೆ ಹಾಕಬೇಕಾದರೆ ಬಿಪಿ ಕಡ್ಡಾಯವಾಗಿ ನೋಡುತ್ತಾರೆ. ಜಾಸ್ತಿ ಬಂದರೆ ಪಾಸ್ ಇಲ್ಲ. ಪಾಸ್ ಇಲ್ಲ ಅಂದರೆ ಕೆಲಸ ಇಲ್ಲ. ಹಾಗಾಗಿ ನಮ್ಮ ರೂಮಿನಲ್ಲಿ ಬಿಪಿ ಅಂದರೆ ರೋಗದ ಹೆಸರಲ್ಲ, ಪಾಸ್ ತಪ್ಪಿಸುವ ನಂಬರ್. ಮೆಡಿಕಲ್‌ನ ಹಿಂದಿನ ದಿನ ಯಾರದೋ ಗುಳಿಗೆ ಇಸಿದುಕೊಂಡು ನುಂಗುತ್ತಾರೆ. ಪಾಸ್ ಬಂತು ಅಂದರೆ ಮುಂದಿನ ಮೆಡಿಕಲ್ ತನಕ ಆ ಮಾತೇ ಇಲ್ಲ. ತನಗೆ ಬಿಪಿ ಇದೆ ಅಂತ ಅವನಿಗೆ ಗೊತ್ತು, ನಮಗೂ ಗೊತ್ತು. ಬಾಯಿ ಬಿಡುವ ಹಾಗಿಲ್ಲ.

ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತೆ. ನೈಟ್ ಮುಗಿಸಿ ಬಂದು ತಗಡಿನ ರೂಮಿನಲ್ಲಿ ಹಗಲು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು? ಒಳಗೆ ಫರ್ನೇಸ್ ಬಿಸಿ, ಕಿವಿ ಗುಂಯ್ ಅನ್ನುವ ಸದ್ದು. ಇದಕ್ಕೂ ಬಿಪಿಗೂ ಸಂಬಂಧ ಇದೆಯಾ?

ಪಿಎಚ್‌ಸಿ ಡಾಕ್ಟರ್, ರಾಯಚೂರು ತಾಲ್ಲೂಕು

ಸಂಬಂಧ ಇದೆ. ಚೆನ್ನಾಗಿ ನಿದ್ದೆ ಮಾಡಿದಾಗ ನಮ್ಮ ಬಿಪಿ ಹಗಲಿಗಿಂತ ಸುಮಾರು 10ರಿಂದ 20% ಇಳಿಯುತ್ತೆ. ಹೃದಯಕ್ಕೂ ರಕ್ತನಾಳಕ್ಕೂ ಸಿಗುವ ವಿಶ್ರಾಂತಿ ಅದೇ. ರಾತ್ರಿ ಪಾಳಿ ಬಂದಾಗ ಈ ಇಳಿತ ಕೆಡುತ್ತೆ. ಹಗಲು ನಿದ್ದೆ ತುಂಡು ತುಂಡಾದರೆ ಇನ್ನೂ ಕೆಡುತ್ತೆ. ಶಿಫ್ಟ್ ಕೆಲಸದವರಲ್ಲಿ ಬಿಪಿ ಅಪಾಯ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡುವವರ ವಿಷಯದಲ್ಲೂ ಅದೇ ಮಾತು. ಸದ್ದು ಕಿವಿಗೆ ಮಾತ್ರ ಪೆಟ್ಟು ಅಂತ ತಿಳಿಯಬೇಡಿ. ಮೈ ಅದನ್ನು ಗಾಬರಿ ಅಂತಲೇ ತಗೊಳ್ಳುತ್ತೆ. ಕಿವಿಗೆ ಹಾಕಿಕೊಳ್ಳಲು ಕೊಟ್ಟಿದ್ದನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಕೆಲಸದ ಗಂಟೆಯೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಲಕ್ವ ಹೊಡೆಯುವ ಅಪಾಯ 35% ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ. ಡಬಲ್ ಡ್ಯೂಟಿ ಮಾಡುವವರು, ದಿನಕ್ಕೆ ಹನ್ನೆರಡು ತಾಸು ಹೊಲಿಯುವವರು ತಮ್ಮ ವಾರವನ್ನು ಒಮ್ಮೆ ಕೂಡಿಸಿ ನೋಡಲಿ.

ಗೇಟ್ ಪಾಸ್ ವಿಷಯ ಓದಿ ನೋವಾಯಿತು. ನಿಮ್ಮ ಗೆಳೆಯರಿಗೆ ಒಂದು ಮಾತು ಮುಟ್ಟಿಸಿ. ಆಮ್ಲೋಡಿಪಿನ್ ಥರದ ಗುಳಿಗೆ ಪೂರ್ತಿ ಹಿಡಿತಕ್ಕೆ ಬರಲು ಒಂದು ವಾರವಾದರೂ ಬೇಕು. ಹಿಂದಿನ ದಿನ ಒಂದು ನುಂಗಿದರೆ ಆ ಕೆಲಸವೂ ಪೂರ್ತಿ ಆಗಲ್ಲ. ಬೇರೆಯವರ ಗುಳಿಗೆ ನಿಮಗೆ ಹೊಂದದೇ ಎತ್ತರದಲ್ಲಿ ತಲೆ ತಿರುಗಿದರೆ ಗತಿ ಏನು? ತನ್ನ ಹೆಸರಿಗೆ ಬರೆಸಿಕೊಂಡ ಗುಳಿಗೆಯನ್ನು ದಿನಾ ತಗೊಂಡರೆ ನಂಬರ್ ತಾನಾಗೇ ಕೆಳಗಿರುತ್ತೆ. ಪಾಸ್ ಉಳಿಸುವುದು ಅದು.

ಕಂಪನಿಗಳಿಗೂ ಹೇಳುವುದಿದೆ. ಬಿಪಿ ಜಾಸ್ತಿ ಬಂದವನನ್ನು ಗೇಟ್‌ನಿಂದ ಹೊರಗೆ ಕಳಿಸಿದರೆ ಮುಂದಿನವನು ಮುಚ್ಚಿಡುತ್ತಾನೆ. ಆರು ವಾರ ಗುಳಿಗೆ ಕೊಟ್ಟು, ಅಲ್ಲಿಯ ತನಕ ನೆಲದ ಮೇಲಿನ ಕೆಲಸ ಕೊಟ್ಟು, ಮತ್ತೆ ನೋಡಿದರೆ ಯಾರೂ ಮುಚ್ಚಿಡಬೇಕಾಗಿಲ್ಲ.

ಜೀನ್ಸ್ ಅಕ್ಕ, ಬಳ್ಳಾರಿ

ಡಾಕ್ಟರ್ ಸರ್, ದಿನಕ್ಕೆ ಹನ್ನೆರಡು ತಾಸು ಅಂದಿರಲ್ಲ, ಅದು ನಾವೇ. ಬಳ್ಳಾರಿ ಜೀನ್ಸ್ ಅಂತ ಹೆಸರಿದೆ. ಹೊಲಿಯುವವರಿಗೆ ಪೀಸ್ ಲೆಕ್ಕ. ಸೀಸನ್ ಬಂದರೆ ಎದ್ದೇಳಲು ಮನಸ್ಸು ಬರಲ್ಲ. ಎದ್ದರೆ ಪೀಸ್ ಕಡಿಮೆ. ನಮ್ಮ ಹೆಣ್ಣುಮಕ್ಕಳು ದಾರ ಕಟ್ ಮಾಡುವುದು, ಗುಂಡಿ ಹಾಕುವುದು ಮನೆಯಲ್ಲೇ ಮಾಡುತ್ತಾರೆ. ಒಲೆ ಮುಂದೆ ಅನ್ನ, ಮಡಿಲಲ್ಲಿ ಪ್ಯಾಂಟು.

ಯೂನಿಟ್‌ನಲ್ಲಿ ಬಾತ್‌ರೂಮ್ ಸರಿ ಇಲ್ಲ ಅಂತ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಸಂಜೆ ತಲೆ ಸಿಡಿಯುತ್ತೆ. ಒಂದು ಚಹಾ, ಎರಡು ಮಿರ್ಚಿ, ಒಂದು ನೋವಿನ ಗುಳಿಗೆ. ಮತ್ತೆ ಮಿಷನ್.

ನನಗೆ ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಬಿಪಿ ಏರಿತ್ತು. ಹೆರಿಗೆ ಆದ ಮೇಲೆ ಇಳಿಯಿತು ಅಂದರು. ಆಮೇಲೆ ಯಾರೂ ನೋಡಿಲ್ಲ. ಮಗುಗೆ ಈಗ ಒಂಬತ್ತು ವರ್ಷ. ನಾನು ನೋಡಿಸಬೇಕಾ?

ಉಪಕೇಂದ್ರದ ಸಿಸ್ಟರ್, ಕುಷ್ಟಗಿ ತಾಲ್ಲೂಕು

ಅಕ್ಕಾ, ಈ ವಾರವೇ ನೋಡಿಸಿ. ಬಸುರಿನಲ್ಲಿ ಬಿಪಿ ಬಂದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಹೆರಿಗೆ ವಾರ್ಡಿನಿಂದ ಮನೆಗೆ ಕಳಿಸುವಾಗ ಇದನ್ನು ಪ್ರತಿ ತಾಯಿಗೂ ಹೇಳಬೇಕು. ಎಷ್ಟೋ ಕಡೆ ಹೇಳಲ್ಲ. ಬಳ್ಳಾರಿ ಊರೊಳಗೆ ಇದ್ದರೆ ಹತ್ತಿರದ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ಗೆ ಹೋಗಿ, ದುಡ್ಡು ಕೇಳಲ್ಲ. ವರ್ಷಕ್ಕೊಮ್ಮೆಯಾದರೂ ಇದು ತಪ್ಪಬಾರದು.

ಮೆಡಿಕಲ್ ಶಾಪ್, ಸಿಂಧನೂರು

ಜೀನ್ಸ್ ಅಕ್ಕನವರು ನೋವಿನ ಗುಳಿಗೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಭತ್ತ ನಾಟಿ, ಕೊಯ್ಲು ಶುರುವಾದರೆ ನನ್ನ ಕೌಂಟರ್‌ನಲ್ಲಿ ಸಂಜೆ ಇದೇ ವ್ಯಾಪಾರ. "ಅಣ್ಣಾ, ಮೈಕೈ ನೋವಿಗೆ ಒಂದು ಸೆಟ್ ಕೊಡು" ಅಂತ ಕೈ ಚಾಚುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ಇವನ್ನೇ ಕೇಳುವುದು. ಕೆಲವು ಕಡೆ ಸೆಟ್‌ನಲ್ಲಿ ಸ್ಟೀರಾಯ್ಡ್ ಕೂಡ ಸೇರಿಸಿ ಕೊಡುತ್ತಾರೆ. ನುಂಗಿದವರಿಗೆ ಮರುದಿನ ಮೈ ಹಗುರ. ಹಾಗಾಗಿ ಮತ್ತೆ ಅದೇ ಬೇಕು.

ಈ ಎರಡೂ ಬಿಪಿ ಏರಿಸುತ್ತವೆ. ನೋವಿನ ಗುಳಿಗೆ ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತೆ. ಬಿಪಿ ಗುಳಿಗೆಯ ಕೆಲಸವನ್ನೂ ಕಡಿಮೆ ಮಾಡುತ್ತೆ. ಒಬ್ಬನೇ ಮನುಷ್ಯ ಬೆಳಿಗ್ಗೆ ಬಿಪಿ ಇಳಿಸಲು ಒಂದು ನುಂಗಿ, ಸಂಜೆ ಅದನ್ನು ಏರಿಸುವ ಇನ್ನೊಂದು ನುಂಗುತ್ತಾನೆ. ಎರಡೂ ನನ್ನ ಕೌಂಟರ್‌ನಿಂದಲೇ. ಅದಕ್ಕೇ ನಾನು ಈಗ ಸೆಟ್ ಕೇಳಿದವರಿಗೆ ಮೊದಲು "ಬಿಪಿ ನೋಡಿಸಿದ್ದೀರಾ?" ಅಂತ ಕೇಳುತ್ತೇನೆ. ಚೀಟಿ ಇಲ್ಲದೆ ಸೆಟ್ ಕಟ್ಟಿಕೊಡುವುದನ್ನು ನಿಲ್ಲಿಸಿದ್ದೇನೆ. ಬೇರೆ ಅಂಗಡಿಯವರೂ ನಿಲ್ಲಿಸಲಿ. ಬೈದುಕೊಂಡು ಹೋಗುವ ಗಿರಾಕಿ ನಾಳೆ ಬದುಕಿದ್ದರೆ ಮತ್ತೆ ಬರುತ್ತಾನೆ.

ಪಿಎಚ್‌ಸಿ ಡಾಕ್ಟರ್, ರಾಯಚೂರು ತಾಲ್ಲೂಕು

ಮೆಡಿಕಲ್ ಶಾಪ್‌ನವರು ಬರೆದಿದ್ದು ಈ ಚರ್ಚೆಯಲ್ಲಿ ತುಂಬಾ ಮುಖ್ಯವಾದದ್ದು. ಇನ್ನೊಂದು ಸೇರಿಸುತ್ತೇನೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತೆ. ಬಿಸಿಲಿನಲ್ಲಿ ಬೆವರು ಹರಿದು ಮೈಯಲ್ಲಿ ನೀರು ಕಡಿಮೆ ಆಗಿರುತ್ತೆ. ಆಗ ನೋವಿನ ಗುಳಿಗೆ ಬಿದ್ದರೆ ಕಿಡ್ನಿಗೆ ನೇರ ಪೆಟ್ಟು. ಬಿಪಿ ಗುಳಿಗೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡುವಂಥವು. ಅವನ್ನು ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು. ಕಿಡ್ನಿ ಕೆಟ್ಟರೆ ಬಿಪಿ ಏರುತ್ತೆ, ಬಿಪಿ ಏರಿದರೆ ಕಿಡ್ನಿ ಕೆಡುತ್ತೆ. ಬೇಸಿಗೆಯಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಗುಳಿಗೆ ನೀವೇ ಬಿಡಬೇಡಿ. ಬಂದು ತೋರಿಸಿ, ಪ್ರಮಾಣ ಬದಲಿಸುತ್ತೇವೆ.

ಯಲಬುರ್ಗಾ ರೈತ

ಎಲ್ಲರೂ ತಿಳಿದವರು ಬರೆದಿದ್ದೀರಿ. ನಾನೊಂದು ಕೇಳುತ್ತೇನೆ, ಸಿಟ್ಟಾಗಬೇಡಿ. ನಮ್ಮಪ್ಪ ಎಂಬತ್ತೈದು ದಾಟಿ ಬದುಕಿದ. ಒಂದು ಗುಳಿಗೆ ನುಂಗಲಿಲ್ಲ. ಹೊಲ, ಎತ್ತು, ಜೋಳದ ರೊಟ್ಟಿ, ಅಷ್ಟೇ. ಈಗ ಬಿಪಿ ಗುಳಿಗೆ ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡೋ ಹಂಗಿಲ್ಲ ಅಂತಾರೆ. ಅದು ಚಟ ಅಲ್ವಾ? ಶುರು ಮಾಡದಿದ್ದರೆ ಚಿಂತೆಯೇ ಇಲ್ಲವಲ್ಲ.

ಉಪಕೇಂದ್ರದ ಸಿಸ್ಟರ್, ಕುಷ್ಟಗಿ ತಾಲ್ಲೂಕು

ಯಜಮಾನರೇ, ಸಿಟ್ಟು ಯಾಕೆ? ಹತ್ತು ಮನೆಗೆ ಹೋದರೆ ಆರು ಮನೆಯಲ್ಲಿ ನನಗೆ ಇದೇ ಪ್ರಶ್ನೆ.

ಗುಳಿಗೆ ಚಟ ಹಿಡಿಸಲ್ಲ. ಬಿಟ್ಟಾಗ ಬಿಪಿ ಮತ್ತೆ ಏರುವುದು ಗುಳಿಗೆಯ ತಪ್ಪಲ್ಲ, ಬಿಪಿ ಒಳಗೇ ಇದ್ದದ್ದು. ನೀವು ಹೊಲಕ್ಕೆ ಡ್ರಿಪ್ ಹಾಕಿದ್ದರೆ ಗೊತ್ತಿರುತ್ತೆ. ಮೋಟಾರು ಒತ್ತಡ ಜಾಸ್ತಿ ಇದ್ದರೆ ಪೈಪು ಅವತ್ತೇ ಒಡೆಯಲ್ಲ. ನೀರು ಚೆನ್ನಾಗಿ ಬರುತ್ತಿದೆ ಅಂತಲೇ ಅನ್ನಿಸುತ್ತೆ. ಒಂದು ದಿನ ಜೋಡಣೆ ಇರುವ ಕಡೆ ಕಿತ್ತುಕೊಂಡು ಹೋಗುತ್ತೆ. ಮೆದುಳಿನಲ್ಲಿ ಹಾಗಾದರೆ ಲಕ್ವ.

ಉಪ್ಪು ಕಡಿಮೆ ಮಾಡಿ, ತಂಬಾಕು, ಕುಡಿತ ಬಿಟ್ಟು, ತೂಕ ಇಳಿಸಿ ಕೆಲವರಿಗೆ ಗುಳಿಗೆ ಕಡಿಮೆ ಆಗಿದ್ದೂ ಉಂಟು. ಅದನ್ನು ನೋಡಿ ಹೇಳಬೇಕಾದವರು ಡಾಕ್ಟರ್. ನಿಮ್ಮ ತಂದೆಯವರು ನೂರು ಜನರಲ್ಲಿ ಒಬ್ಬರು. ಅವರ ವಾರಿಗೆಯವರಲ್ಲಿ ಎಷ್ಟು ಜನ ಐವತ್ತೈದು, ಅರವತ್ತಕ್ಕೆ "ಮಲಗಿದವರು ಏಳಲೇ ಇಲ್ಲ" ಅಂತ ಹೋದರು, ನೆನಪು ಮಾಡಿಕೊಳ್ಳಿ. ಅವರ ಬಿಪಿ ಯಾರೂ ನೋಡಿರಲಿಲ್ಲ.

ಕಾಲೇಜು ಲೆಕ್ಚರರ್, ಗಂಗಾವತಿ

ಮೊದಲ ಪ್ರಶ್ನೆಗೆ ಒಂದು ಹಳೆಯ ಉದಾಹರಣೆ. ಲಂಡನ್‌ನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಮೇಲೆ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಓಡಾಟ ಒಳ್ಳೆಯದು ಅನ್ನುವ ಮಾತಿಗೆ ಬಲ ಬಂದಿದ್ದೇ ಅಲ್ಲಿಂದ. ಹಮಾಲರ ನಂಬಿಕೆಯೂ ಪೂರ್ತಿ ಸುಳ್ಳಲ್ಲ ಅಲ್ವಾ?

ಯಾರ್ಡ್ ಗುಮಾಸ್ತ, ರಾಯಚೂರು

ಸರ್, ಅದೇ ನನಗೂ ಗೊಂದಲ. ವಾಕಿಂಗ್ ಮಾಡಿ ಅಂತ ಸಾಹುಕಾರರಿಗೆ ಡಾಕ್ಟರ್ ಹೇಳುತ್ತಾರೆ. ನಮ್ಮ ದೊಡ್ಡಪ್ಪ ದಿನಕ್ಕೆ ಅದರ ಹತ್ತು ಪಟ್ಟು ನಡೆಯುತ್ತಾರೆ, ಅದೂ ಚೀಲ ಹೊತ್ತು. ಅವರಿಗೆ ಯಾಕೆ ಬಂತು?

ಪಿಎಚ್‌ಸಿ ಡಾಕ್ಟರ್, ರಾಯಚೂರು ತಾಲ್ಲೂಕು

ಕಂಡಕ್ಟರ್ ಕೆಲಸವೂ ಹಮಾಲರ ಕೆಲಸವೂ ಒಂದೇ ಅಲ್ಲ. ವಾಕಿಂಗ್ ಮಾಡುವವರು ಅರ್ಧ ತಾಸು ಹಗುರವಾಗಿ ನಡೆಯುತ್ತಾರೆ. ಸುಸ್ತಾದರೆ ನಿಲ್ಲುತ್ತಾರೆ. ಆಮೇಲೆ ವಿಶ್ರಾಂತಿ. ಹಮಾಲರನ್ನು ಗಮನವಿಟ್ಟು ನೋಡಿ. ಚೀಲ ಬೆನ್ನಿಗೆ ಬೀಳುವ ಕ್ಷಣ ಉಸಿರು ಬಿಗಿ ಹಿಡಿಯುತ್ತಾರೆ. ಕತ್ತಿನ ನರ ಉಬ್ಬುತ್ತೆ. ಆ ಹೊತ್ತಿಗೆ ಬಿಪಿ ಸರ್ರನೆ ಏರುತ್ತೆ. ಇಳಿಸಿದ ಮೇಲೆ ಕಡಿಮೆ ಆಗುತ್ತೆ, ಅಷ್ಟರಲ್ಲಿ ಮುಂದಿನ ಚೀಲ. ಲಾರಿ ತುಂಬುವ ತನಕ ನಿಲ್ಲುವ ಹಾಗಿಲ್ಲ. ಮರುದಿನ ಮತ್ತೆ ಅದೇ. ಮೈ ಸುಧಾರಿಸಿಕೊಳ್ಳಲು ಬಿಡುವೇ ಇಲ್ಲ.

ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಒಂದು ಅಧ್ಯಯನ ಬಂತು. ಬಿಡುವಿನ ವೇಳೆಯಲ್ಲಿ ಮೈ ದಣಿಸಿದವರಿಗೆ ಹೃದಯದ ಅಪಾಯ ಕಡಿಮೆ ಇತ್ತು. ಕೆಲಸದಲ್ಲೇ ಮೈ ಜಾಸ್ತಿ ದಣಿದವರಿಗೆ ಅಪಾಯ ಜಾಸ್ತಿ ಇತ್ತು. ಎರಡರಲ್ಲೂ ಬೆವರು ಅದೇ. ಆದರೆ ಒಂದು ತನ್ನ ಇಷ್ಟಕ್ಕೆ, ಇನ್ನೊಂದು ಲಾರಿಯ ಹೊತ್ತಿಗೆ.

ಇದರ ಜೊತೆ ಯಾರ್ಡ್‌ನ ಬೇರೆ ಸಂಗತಿಗಳೂ ಇವೆ. ಬಾಯಲ್ಲಿ ತಂಬಾಕು ಅಥವಾ ಗುಟ್ಕಾ. ನಿಕೋಟಿನ್ ಬಿಪಿ ಏರಿಸುತ್ತೆ. ಸಂಜೆ ಮೈನೋವಿಗೆ ಕುಡಿತ. ಮನೆ ಸಾಲ, ಮಗಳ ಮದುವೆ, ಲೋಡ್ ಸಿಗದ ದಿನದ ಚಿಂತೆ. ದುಡಿಮೆ ಇವನ್ನೆಲ್ಲ ತೊಳೆದುಹಾಕಲ್ಲ.

ಕೂತು ಕೆಲಸ ಮಾಡುವವರಿಗೂ ಬಿಪಿ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ 24%, ಹೆಂಗಸರಲ್ಲಿ 21% ಜನಕ್ಕೆ ಬಿಪಿ ಜಾಸ್ತಿ ಇತ್ತು ಅಥವಾ ಅದಕ್ಕೆ ಗುಳಿಗೆ ತಗೊಳ್ಳುತ್ತಿದ್ದರು. ಇಷ್ಟು ಜನ ಬರೀ ಕುರ್ಚಿ ಮೇಲೆ ಕೂತವರೇ ಆಗಿರಲು ಸಾಧ್ಯವೇ?

ಬಸ್ ಡ್ರೈವರ್, ಲಿಂಗಸುಗೂರು

ನಾನು ಆ ಕೂತಿರುವ ಡ್ರೈವರ್. ಇಂಜಿನ್ ಬಿಸಿ, ಹಾರ್ನ್, ರಸ್ತೆ ಮೇಲೆ ಒಣಗಲು ಹಾಕಿದ ಜೋಳ, ಟೈಮಿಗೆ ಮುಟ್ಟುವ ಒತ್ತಡ. ನೈಟ್ ಹಾಲ್ಟ್ ಇದ್ದರೆ ಸೊಳ್ಳೆ ಜೊತೆ ಬಸ್ಸಿನಲ್ಲೇ ನಿದ್ದೆ. ನನಗೆ ಬಿಪಿ ಇದೆ, ಗುಳಿಗೆ ತಗೊಳ್ಳುತ್ತೇನೆ, 130ರ ಆಸುಪಾಸು ಇದೆ. ಗುಳಿಗೆ ಡಬ್ಬಿ ಊಟದ ಬುತ್ತಿ ಜೊತೆಯೇ ಇರುತ್ತೆ. ಹಿಂದೆ ಕೂತ ಐವತ್ತು ಜನಕ್ಕೆ ನಾನು ಜವಾಬ್ದಾರಿ. ಮುಚ್ಚಿಡುವ ವಿಷಯ ಅಲ್ಲ ಇದು. ಜೊತೆಯ ಡ್ರೈವರ್‌ಗಳಿಗೂ ಇದನ್ನೇ ಹೇಳುತ್ತೇನೆ.

ಗುಳೆ ಹುಡುಗ, ದೇವದುರ್ಗ (ಈಗ ಬೆಂಗಳೂರು)

ನಮ್ಮ ವಿಷಯ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತೇನೆ. ಸುಗ್ಗಿ ಮುಗಿದ ಮೇಲೆ ನಮ್ಮ ಊರಿನ ಅರ್ಧ ಜನ ಇಲ್ಲಿ ಸೈಟ್‌ನಲ್ಲಿ ಇರುತ್ತೇವೆ. ಅಪ್ಪನಿಗೆ ಊರಲ್ಲಿ ಬಿಪಿ ಅಂತ ಹೇಳಿ ಒಂದು ತಿಂಗಳ ಗುಳಿಗೆ ಕೊಟ್ಟರು. ಇಲ್ಲಿಗೆ ಬಂದ ಮೇಲೆ ಮುಗಿದುಹೋಯಿತು. ಇಲ್ಲಿ ಕೇಳಿದರೆ ಚೀಟಿ ಎಲ್ಲಿ ಅಂತಾರೆ. ಚೀಟಿ ಊರಲ್ಲಿ, ಟ್ರಂಕಿನಲ್ಲಿ. ಅಪ್ಪ ನಾಲ್ಕನೇ ಮಹಡಿಗೆ ಇಟ್ಟಂಗಿ ಹೊರುತ್ತಾನೆ. ಏನು ಮಾಡಬೇಕು?

ಉಪಕೇಂದ್ರದ ಸಿಸ್ಟರ್, ಕುಷ್ಟಗಿ ತಾಲ್ಲೂಕು

ತಮ್ಮಾ, ನೀನು ಕೇಳಿದ್ದು ಒಳ್ಳೆಯದಾಯಿತು. ಮನೆಯಲ್ಲಿ ಇರುವವರಿಗೆ ಚೀಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಲು ಹೇಳು, ಇವತ್ತೇ. ಚೀಟಿ ಸಿಗದಿದ್ದರೂ ಪರವಾಗಿಲ್ಲ. ನಮ್ಮ ಕ್ಲಿನಿಕ್ ಅಥವಾ ಯಾವುದೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಅಪ್ಪನನ್ನು ಕರೆದುಕೊಂಡು ಹೋಗು. ಅಲ್ಲೇ ಬಿಪಿ ನೋಡಿ ಹೊಸ ಚೀಟಿ ಬರೆಯುತ್ತಾರೆ. "ಊರಲ್ಲಿ ಗುಳಿಗೆ ನಡೀತಿತ್ತು, ಮುಗಿದಿದೆ" ಅಂತ ಬಾಯಿಬಿಟ್ಟು ಹೇಳು.

ನಮ್ಮ ಕಡೆ ನಾನೊಂದು ಮಾಡುತ್ತೇನೆ. ಗುಳೆ ಹೋದವರು ಅಲಾಯಿ (ಮೊಹರಂ) ಹಬ್ಬಕ್ಕೆ, ಯುಗಾದಿಗೆ, ಊರ ಜಾತ್ರೆಗೆ ಬಂದೇ ಬರುತ್ತಾರೆ. ಆ ನಾಲ್ಕು ದಿನ ನನ್ನ ಬಿಪಿ ಯಂತ್ರ ಉಪಕೇಂದ್ರದಲ್ಲಿ ಇರಲ್ಲ, ಮಸೀದಿ ಕಟ್ಟೆ, ಗುಡಿ ಕಟ್ಟೆ ಮೇಲೆ ಇರುತ್ತೆ. ಹೊರಡುವ ಮುಂಚೆ ಜಾಸ್ತಿ ದಿನದ ಗುಳಿಗೆ ಕೇಳಿ ಅಂತಲೂ ಹೇಳುತ್ತೇನೆ. ಸ್ಟಾಕ್ ಇದ್ದಾಗ ಕೊಡುತ್ತೇವೆ. ಇಲ್ಲದಾಗ ನಮಗೂ ಕಷ್ಟ. ಗುಳೆ ಜಾಸ್ತಿ ಇರುವ ಜಿಲ್ಲೆಗಳಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡುವಷ್ಟು ಸ್ಟಾಕ್ ಬರಬೇಕು. ಇದನ್ನು ಮೇಲಿನವರ ಮೀಟಿಂಗ್‌ನಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಮೂರು ಶಿಫ್ಟ್, ಕೊಪ್ಪಳ–ಬಳ್ಳಾರಿ

ಉಪ್ಪಿನ ಬಗ್ಗೆ ಒಂದು. ಬಿಸಿಯಲ್ಲಿ ಕೆಲಸ ಮಾಡುವವರು ಉಪ್ಪು ಜಾಸ್ತಿ ತಿನ್ನಬೇಕು, ಬೆವರಲ್ಲಿ ಹೋಗುತ್ತೆ ಅಂತ ನಮ್ಮ ಸೂಪರ್‌ವೈಸರ್ ಹೇಳುತ್ತಾರೆ. ಬಿಪಿ ಇದ್ದವರು ಉಪ್ಪು ಬಿಡಬೇಕು ಅಂತ ನೀವು ಹೇಳುತ್ತೀರಿ. ನಾವು ಯಾರ ಮಾತು ಕೇಳಬೇಕು?

ಪಿಎಚ್‌ಸಿ ಡಾಕ್ಟರ್, ರಾಯಚೂರು ತಾಲ್ಲೂಕು

ಒಳ್ಳೆಯ ಪ್ರಶ್ನೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದು ಸಣ್ಣ ಚಮಚದಷ್ಟು. ನಮ್ಮ ಊಟದಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತೆ. ಜೋಳದ ರೊಟ್ಟಿ ಹಿಟ್ಟಿಗೆ ಉಪ್ಪು ಹಾಕಲ್ಲ, ಅದು ನಮ್ಮ ಪುಣ್ಯ. ಆದರೆ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆ ಇರುತ್ತವೆ. ಮಧ್ಯಾಹ್ನ ಮಿರ್ಚಿ, ಮಂಡಕ್ಕಿ. ಹಾಗಾಗಿ ಬೆವರಿನಲ್ಲಿ ಹೋದ ಉಪ್ಪು ಸಾಮಾನ್ಯವಾಗಿ ಊಟದಲ್ಲೇ ವಾಪಸ್ ಬಂದಿರುತ್ತೆ. ನಿಮಗೆ ಮೊದಲು ಬೇಕಿರುವುದು ನೀರು. ಬಾಯಾರುವ ತನಕ ಕಾಯದೆ, ಸ್ವಲ್ಪ ಸ್ವಲ್ಪ, ಆಗಾಗ. ಫರ್ನೇಸ್ ಹತ್ತಿರ ತಾಸುಗಟ್ಟಲೆ ನಿಂತು, ಸ್ನಾಯು ಸೆಳೆತ ಬಂದು, ಸುಸ್ತು ಬಿದ್ದಾಗ ಒಆರ್‌ಎಸ್ ಬೇಕಾಗುತ್ತೆ, ಆಗ ಕುಡಿಯಿರಿ. ದಿನಾ ಜ್ಯೂಸ್ ಥರ ಬೇಡ. ಬಿಪಿ ಇದ್ದವರು ನಿಮ್ಮ ಕೆಲಸ ಏನು ಅಂತ ಡಾಕ್ಟರ್‌ಗೆ ಮೊದಲೇ ಹೇಳಿ. ಎಸಿ ರೂಮಿನಲ್ಲಿ ಕೂತವರಿಗೆ ಬರೆಯುವ ಗುಳಿಗೆ ನಿಮಗೆ ಸರಿಹೋಗದೇ ಇರಬಹುದು.

ಯಾರ್ಡ್ ಗುಮಾಸ್ತ, ರಾಯಚೂರು

ದೊಡ್ಡಪ್ಪ ಗುಳಿಗೆ ತಗೊಳ್ಳುತ್ತಿದ್ದಾರೆ. ನನ್ನ ಮಾತಿಗಲ್ಲ, ಕಣ್ಣಿನ ಆಪರೇಷನ್ ಆಗಬೇಕಲ್ಲ ಅದಕ್ಕೆ. ಹೇಗಾದರೂ ಆಗಲಿ. ಮೊನ್ನೆ ನೋಡಿಸಿದಾಗ 156/98.

ಇನ್ನೊಂದು ಸುದ್ದಿ. ಹಮಾಲರ ಸಂಘದ ಹಿರಿಯರಿಗೆ ಈ ಚರ್ಚೆ ಓದಿ ಹೇಳಿದೆ. ಲಕ್ವದ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ಅಮಾವಾಸ್ಯೆ ದಿನ ನಮ್ಮಲ್ಲಿ ಲೋಡಿಂಗ್ ಇರಲ್ಲ. ಅವತ್ತು ಬೆಳಿಗ್ಗೆ ಯಾರ್ಡ್‌ನಲ್ಲೇ ಎಲ್ಲರ ಬಿಪಿ ನೋಡಿಸೋಣ ಅಂತ ಒಪ್ಪಿದ್ದಾರೆ. ಡಾಕ್ಟರ್ ಸರ್ ಸಿಬ್ಬಂದಿ ಕಳಿಸುತ್ತೇನೆ ಅಂತ ಫೋನ್‌ನಲ್ಲಿ ಹೇಳಿದರು. ಏನೇನು ತಯಾರಿ ಬೇಕು?

ಉಪಕೇಂದ್ರದ ಸಿಸ್ಟರ್, ಕುಷ್ಟಗಿ ತಾಲ್ಲೂಕು

ತುಂಬಾ ಸಂತೋಷ ಆಯಿತು. ಬೆನ್ನಿಗೆ ಆಸರೆ ಇರುವ ಕುರ್ಚಿ ಇಡಿ, ಚೀಲದ ಮೇಲೆ ಕೂರಿಸಿ ನೋಡಬೇಡಿ. ಬಂದ ತಕ್ಷಣ ಬೇಡ, ಐದು ನಿಮಿಷ ಸುಮ್ನೆ ಕೂರಲಿ. ಅದಕ್ಕೆ ಅರ್ಧ ತಾಸು ಮುಂಚೆ ಚಹಾ, ಬೀಡಿ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬಂದಿರಲಿ. ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲೆ. ಪಟ್ಟಿ ಕಟ್ಟಿದಾಗ ಮಾತು ಬೇಡ. ಎರಡು ಸಲ ನೋಡಬೇಕು.

ಮತ್ತೆ ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಹಮಾಲರ ರಟ್ಟೆ ದಪ್ಪ. ಮಾಮೂಲಿ ಪಟ್ಟಿ ಬಿಗಿಯಾಗಿ, ಇಲ್ಲದ ಬಿಪಿಯನ್ನೂ ಜಾಸ್ತಿ ತೋರಿಸುತ್ತೆ. ದೊಡ್ಡ ಅಳತೆಯ ಪಟ್ಟಿ ತರಲು ಡಾಕ್ಟರ್‌ಗೆ ಈಗಲೇ ನೆನಪು ಮಾಡಿ. ಜಾಸ್ತಿ ಬಂದವರ ಹೆಸರು ಬರೆದುಕೊಂಡು ಬೇರೆ ದಿನ ಮತ್ತೆ ನೋಡಬೇಕು. ಆ ದಿನವೂ ಕೂಲಿ ತಪ್ಪದ ಹೊತ್ತೇ ಆಗಿರಲಿ. ಹೆಸರುಗಳನ್ನು ಮೈಕ್‌ನಲ್ಲಿ ಕೂಗಬೇಡಿ.

ಜೀನ್ಸ್ ಅಕ್ಕ, ಬಳ್ಳಾರಿ

ನಾನು ನೋಡಿಸಿದೆ ಸಿಸ್ಟರ್. 148/94. ಮುಂದಿನ ವಾರ ಮತ್ತೆ ಬರಲು ಹೇಳಿದ್ದಾರೆ. ನಮ್ಮ ಯೂನಿಟ್‌ನ ಇಬ್ಬರು ಹೆಂಗಸರು ಜೊತೆಗೆ ಬಂದಿದ್ದರು. ನೀರಿನ ಬಾಟಲಿ ಮಿಷನ್ ಪಕ್ಕ ಇಟ್ಟಿದ್ದೇನೆ. ಬಾತ್‌ರೂಮ್ ವಿಷಯ ಮಾಲೀಕರ ಹತ್ತಿರ ಮೂವರೂ ಸೇರಿ ಮಾತಾಡುತ್ತೇವೆ.

ಮೂರು ಶಿಫ್ಟ್, ಕೊಪ್ಪಳ–ಬಳ್ಳಾರಿ

ನಮ್ಮ ರೂಮಿನವನೊಬ್ಬ ತನ್ನ ಹೆಸರಿಗೇ ಚೀಟಿ ಬರೆಸಿಕೊಳ್ಳಲು ಒಪ್ಪಿದ್ದಾನೆ. ಅವನು ಕೇಳುತ್ತಿದ್ದಾನೆ: ನೈಟ್ ಶಿಫ್ಟ್ ಮುಗಿಸಿ ನೇರ ದವಾಖಾನೆಗೆ ಹೋಗಿ ಬಿಪಿ ನೋಡಿಸಬಹುದಾ? ಶಿಫ್ಟ್ ಬದಲಾದಾಗ ಗುಳಿಗೆ ಯಾವ ಹೊತ್ತಿಗೆ ತಗೊಳ್ಳಬೇಕು?

ಪಿಎಚ್‌ಸಿ ಡಾಕ್ಟರ್, ರಾಯಚೂರು ತಾಲ್ಲೂಕು

ನೈಟ್ ಮುಗಿದ ತಕ್ಷಣ ಬೇಡ, ನಿದ್ದೆಗೆಟ್ಟಾಗ ಜಾಸ್ತಿ ಬರುತ್ತೆ. ಮಲಗಿ ಎದ್ದು ಮಧ್ಯಾಹ್ನದ ಮೇಲೆ ಹೋಗಲಿ, ಅಥವಾ ಫಸ್ಟ್ ಶಿಫ್ಟ್ ಇರುವ ವಾರ ಹೋಗಲಿ. ಗುಳಿಗೆ ಬೆಳಿಗ್ಗೆಯೋ ರಾತ್ರಿಯೋ ಅನ್ನುವುದಕ್ಕಿಂತ ದಿನಾ ತಪ್ಪದೆ ತಗೊಳ್ಳುವುದು ಮುಖ್ಯ. ಮೂರೂ ಶಿಫ್ಟ್‌ನಲ್ಲಿ ಅವನು ಎಚ್ಚರ ಇರುವ ಒಂದು ಹೊತ್ತು ನೋಡಿ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಲಿ. ಸಂಜೆ ಐದು ಅಂದರೆ ಹೆಚ್ಚು ಕಡಿಮೆ ಎಲ್ಲ ಶಿಫ್ಟ್‌ಗೂ ಹೊಂದುತ್ತೆ. ಚೀಟಿ ಬರೆಯುವವರಿಗೆ ತನ್ನ ಶಿಫ್ಟ್ ಪಟ್ಟಿ ತೋರಿಸಲಿ.